ಸ್ವಿಚ್ ಆದ ಮೇಲಿನ ಎರಡು ಸೆಕೆಂಡ್: ಐವರನ್ನೂ ಕಾಯಬಲ್ಲ ಫಾರ್ವರ್ಡ್ ಸುತ್ತ ಡಿಫೆನ್ಸ್ ಕಟ್ಟುವ ಬಗೆ

2015ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್‌ನಲ್ಲಿ ಮೂರು ಪಂದ್ಯ ಮುಗಿದಾಗ ಗೋಲ್ಡನ್ ಸ್ಟೇಟ್ ವಾರಿಯರ್ಸ್ 1-2ರಿಂದ ಹಿಂದಿತ್ತು. ನಾಲ್ಕನೇ ಪಂದ್ಯಕ್ಕೆ ಕೋಚ್ ಸ್ಟೀವ್ ಕರ್ ತಮ್ಮ ಏಳಡಿ ಸೆಂಟರ್ ಆಂಡ್ರ್ಯೂ ಬೋಗಟ್ ಅವರನ್ನು ಬೆಂಚಿನಲ್ಲಿ ಕೂರಿಸಿ ಆಂಡ್ರೆ ಇಗ್ವೊಡಾಲಾ ಅವರನ್ನು ಮೊದಲ ಐವರಲ್ಲಿ ಇಳಿಸಿದರು. ಸೆಂಟರ್ ಜಾಗದಲ್ಲಿ ನಿಂತವರು 6 ಅಡಿ 6 ಇಂಚಿನ ಫಾರ್ವರ್ಡ್ ಡ್ರೇಮಂಡ್ ಗ್ರೀನ್. ಎದುರಿಗೆ ಕ್ಲೀವ್‌ಲ್ಯಾಂಡ್‌ನ 7 ಅಡಿ 1 ಇಂಚಿನ ಟಿಮೊಫೆ ಮೊಜ್ಗೊವ್. ಅಂದು ಮೊಜ್ಗೊವ್ 28 ಪಾಯಿಂಟ್ ಹೊಡೆದರು, ಕ್ಲೀವ್‌ಲ್ಯಾಂಡ್ 82-103ರಲ್ಲಿ ಸೋತಿತು. ಐದನೇ ಪಂದ್ಯದಲ್ಲಿ ಅದೇ ಮೊಜ್ಗೊವ್ ಅಂಗಳದಲ್ಲಿ ಇದ್ದದ್ದು ಹತ್ತು ನಿಮಿಷಕ್ಕೂ ಕಡಿಮೆ. ವಾರಿಯರ್ಸ್ ಸತತ ಮೂರು ಪಂದ್ಯ ಗೆದ್ದು ಪ್ರಶಸ್ತಿ ಎತ್ತಿತು.

ಡಿಫೆನ್ಸ್ ಕಲಿಸುವ ಯಾರೇ ಆಗಲಿ ಆ 28 ಪಾಯಿಂಟ್‌ಗಳನ್ನು ನೆನಪಿನಲ್ಲಿಡಬೇಕು. ಕುಳ್ಳಗಿರುವ ತಂಡ ಎತ್ತರದವನಿಗೆ ಒಂದಷ್ಟು ಬಾಸ್ಕೆಟ್ ಬಿಟ್ಟುಕೊಟ್ಟೇ ಕೊಡುತ್ತದೆ. ಅದು ಮೊದಲೇ ಲೆಕ್ಕ ಹಾಕಿ ತೆರುವ ಬೆಲೆ. ಅದಕ್ಕೆ ಬದಲಾಗಿ ಸಿಗುವುದು ಐದೂ ಜನ ಯಾರನ್ನು ಬೇಕಾದರೂ ಹಿಡಿಯಬಲ್ಲ, ಸ್ಕ್ರೀನ್‌ಗಳಿಂದ (ಡಿಫೆಂಡರ್‌ನ ದಾರಿಗೆ ಎದುರಾಳಿ ಮೈ ಅಡ್ಡ ನಿಲ್ಲಿಸುವುದು) ಬಿರುಕು ಬಿಡದ ಒಂದು ಗೋಡೆ. ಈ ಗೋಡೆ ಕಟ್ಟುವುದು ಹೇಗೆ, ಅದು ಎಲ್ಲೆಲ್ಲಿ ಕುಸಿಯುತ್ತದೆ ಎಂಬುದನ್ನು ಕೋಚ್‌ಗಳಿಗೂ ಆಟಗಾರರಿಗೂ ಉಪಯೋಗವಾಗುವಂತೆ ಇಲ್ಲಿ ಬರೆದಿದೆ.

ಇಂಥ ಫಾರ್ವರ್ಡ್‌ಗೆ ಬೆಲೆ ಬಂದದ್ದು ಯಾಕೆ

ಮೊದಲ ಕಾರಣ ನಿಯಮ. 2001-02ರ ಸೀಸನ್‌ಗೆ ಮೊದಲು ಎನ್‌ಬಿಎಯಲ್ಲಿ, ಆಟಗಾರನ ಬದಲು ಜಾಗವನ್ನು ಕಾಯುವ ಝೋನ್ ಡಿಫೆನ್ಸ್‌ಗೆ ಅವಕಾಶವಿರಲಿಲ್ಲ. ತನ್ನ ಮನುಷ್ಯನನ್ನು ಬಿಟ್ಟು ನಡುವೆ ತೇಲುತ್ತ ನಿಂತರೆ ಇಲ್ಲೀಗಲ್ ಡಿಫೆನ್ಸ್ ಎಂದು ಸೀಟಿ ಬೀಳುತ್ತಿತ್ತು. ಆ ನಿಯಮ ತೆಗೆದ ಮೇಲೆ ಅಂಗಳವನ್ನು ಓದಬಲ್ಲವನಿಗೆ ಅಲೆದಾಡುವ ಸ್ವಾತಂತ್ರ್ಯ ಸಿಕ್ಕಿತು. ಜೊತೆಗೆ, ಯಾರನ್ನೂ ಕಾಯದೆ ರಿಂಗ್ ಕೆಳಗೆ ಮೂರು ಸೆಕೆಂಡ್ ನಿಲ್ಲಬಾರದೆಂಬ ನಿಯಮ ಡಿಫೆನ್ಸ್‌ಗೂ ಬಂತು. 2004-05ರಿಂದ ಹೊರಗಡೆ ಚೆಂಡು ಹಿಡಿದವನ ಮೈಮೇಲೆ ಕೈಯಿಟ್ಟು ತಡೆಯುವುದನ್ನು ರೆಫರಿಗಳು ಕಟ್ಟುನಿಟ್ಟಾಗಿ ಫೌಲ್ ಕೊಡತೊಡಗಿದರು. ಹೊರಗಡೆ ಚೆಂಡು ನಡೆಸುವ ವೇಗದ ಗಾರ್ಡನ್ನು ಒಬ್ಬನೇ ನಿಲ್ಲಿಸುವುದು ಅಲ್ಲಿಗೆ ಮುಗಿಯಿತು, ಹಿಂದಿನಿಂದ ಹೆಲ್ಪ್ ಬರಲೇಬೇಕಾಯಿತು.

ಎರಡನೆಯದು ಮೂರು ಪಾಯಿಂಟ್ ಶಾಟ್. 2014-15ರಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ 22ರಷ್ಟು ಹಾಕುತ್ತಿತ್ತು. 2024-25ರ ಹೊತ್ತಿಗೆ ಅದು 37 ದಾಟಿತು. ಸ್ಕ್ರೀನ್ ಹಾಕಿದವನು ಆಮೇಲೆ ರಿಂಗ್ ಕಡೆ ಓಡುವ ಪಿಕ್ ಅಂಡ್ ರೋಲ್ ವಿರುದ್ಧ ಹಳೆಯ ಉಪಾಯಗಳೆಲ್ಲ ಇದರಿಂದ ದುಬಾರಿಯಾದವು. ಬಿಗ್ ಮ್ಯಾನ್ (ಎತ್ತರದ ಆಟಗಾರ) ಹಿಂದೆ ಸರಿದು ಪೇಂಟ್ (ರಿಂಗ್ ಕೆಳಗಿನ ಬಣ್ಣದ ಜಾಗ) ಕಾಯುವ ಡ್ರಾಪ್ ಆಡಿದರೆ ಶೂಟರ್ ಸ್ಟೀಫನ್ ಕರಿ ಅಂಥವರು ಸ್ಕ್ರೀನ್ ದಾಟಿದ ಕೂಡಲೇ ಮೂರು ಎತ್ತುತ್ತಾರೆ. ಇಬ್ಬರೂ ಚೆಂಡಿನ ಮೇಲೆ ಬಿದ್ದು ಟ್ರ್ಯಾಪ್ ಮಾಡಿದರೆ ಹಿಂದೆ ನಾಲ್ವರ ಎದುರು ಮೂವರು ಉಳಿಯುತ್ತಾರೆ. ಇಬ್ಬರು ಡಿಫೆಂಡರ್‌ಗಳು ತಾವು ಕಾಯುವವರನ್ನು ಬದಲಿಸಿಕೊಳ್ಳುವ ಸ್ವಿಚ್ ಒಂದರಲ್ಲೇ ಯಾರೂ ಖಾಲಿ ಸಿಗುವುದಿಲ್ಲ. ಆದರೆ ನಿಧಾನಗತಿಯ ಸೆಂಟರ್ ಇದ್ದರೆ ಗಾರ್ಡ್ ಎದುರು ಸಿಕ್ಕಿಬೀಳುತ್ತಾನೆ. ಹೊರಗೆ ಗಾರ್ಡನ್ನೂ ಒಳಗೆ ಸೆಂಟರನ್ನೂ ಹಿಡಿಯಬಲ್ಲ ಫಾರ್ವರ್ಡ್ ಇದ್ದಾಗ ಮಾತ್ರ ಸ್ವಿಚ್ ನಡೆಯುತ್ತದೆ.

ಯಾರನ್ನು ಆರಿಸಬೇಕು

ಎತ್ತರ ನೋಡಿ ಮೋಸಹೋಗಬೇಡಿ, ತೋಳು ಅಳೆಯಿರಿ. ಗ್ರೀನ್ ಅವರ ಎರಡೂ ತೋಳು ಚಾಚಿದ ಅಳತೆ 7 ಅಡಿ 1 ಇಂಚು, ಅಂದರೆ ಎತ್ತರಕ್ಕಿಂತ ಅರ್ಧ ಅಡಿಗೂ ಹೆಚ್ಚು. ತಂಡಗಳು ಹೊಸ ಆಟಗಾರರನ್ನು ಆರಿಸುವ 2012ರ ಡ್ರಾಫ್ಟ್‌ನಲ್ಲಿ ಅವರ ಹೆಸರು ಬಂದದ್ದು 35ನೆಯದಾಗಿ. ಗಾರ್ಡ್ ಆಗಲು ವೇಗ ಸಾಲದು, ಬಿಗ್ ಆಗಲು ಎತ್ತರ ಸಾಲದು ಎಂದು ಆಗ ಅವರನ್ನು ತೂಗಿದ್ದರು. 2017ರಲ್ಲಿ ಅವರೇ ಲೀಗ್‌ನ ಶ್ರೇಷ್ಠ ಡಿಫೆಂಡರ್ ಪ್ರಶಸ್ತಿ ಪಡೆದರು.

ನಿಮ್ಮ ತಂಡದಲ್ಲಿ ಆರಿಸಲು ನಾಲ್ಕು ಪರೀಕ್ಷೆ ಸಾಕು. ತಂಡದ ಅತಿ ವೇಗದ ಗಾರ್ಡ್ ಎದುರು ಮೂರು ಡ್ರಿಬಲ್‌ವರೆಗೆ ಎದೆ ಕೊಟ್ಟು ನಿಲ್ಲುತ್ತಾನೆಯೇ? ಪೋಸ್ಟ್‌ನಲ್ಲಿ (ರಿಂಗ್ ಹತ್ತಿರ) ಭಾರಿ ಆಟಗಾರ ಹಿಂದಕ್ಕೆ ತಳ್ಳಿದಾಗ ಮೂರು ಸೆಕೆಂಡ್ ಜಾಗ ಬಿಡದೆ ಇರುತ್ತಾನೆಯೇ? ಪೇಂಟ್‌ನಿಂದ ಕಾರ್ನರ್‌ಗೆ ಓಡಿ ಕ್ಲೋಸ್‌ಔಟ್ ಮಾಡಿ (ಶೂಟರ್ ಎದುರು ಬಂದು ನಿಂತು), ಫೇಕ್‌ಗೆ (ಶಾಟ್‌ನ ನಟನೆಗೆ) ಹಾರದೆ ಮತ್ತೆ ಕಾಲು ಸರಿಸುತ್ತಾನೆಯೇ? ನಾಲ್ಕನೆಯದು ಬಾಯಿ: ಅಂಗಳದಲ್ಲಿ ಅವನ ದನಿ ಕೇಳಿಸುತ್ತಿರಬೇಕು. ಮೊದಲ ಮೂರರಲ್ಲಿ ಒಂದು ಸ್ವಲ್ಪ ಕಡಿಮೆಯಿದ್ದರೂ ಅಭ್ಯಾಸದಿಂದ ತುಂಬಿಸಬಹುದು. ಮಾತಾಡದ ಆಟಗಾರನಿಗೆ ಈ ಕೆಲಸ ಕೊಡಬೇಡಿ. ಅವನು ಹಿಂಬದಿಯಿಂದ ಇಡೀ ಅಂಗಳ ಕಾಣುವ ಒಬ್ಬನೇ ಒಬ್ಬ. ಅವನು ಸುಮ್ಮನಿದ್ದರೆ ಉಳಿದ ನಾಲ್ವರೂ ಕುರುಡರು.

ಸ್ವಿಚ್ ಮಾಡುವ ಕ್ರಮ

ಸ್ವಿಚ್ ಎಂದರೆ ಜಾಗ ಅದಲುಬದಲು ಮಾಡಿಕೊಳ್ಳುವುದು ಎಂದು ಹೇಳಿಕೊಟ್ಟರೆ ಹುಡುಗರು ಸೋಮಾರಿಗಳಾಗುತ್ತಾರೆ. ಇಬ್ಬರೂ ನಿಂತಲ್ಲೇ ನಿಂತು, ಬಂದವರನ್ನು ಹಿಡಿಯೋಣ ಎಂದು ಕಾಯುತ್ತಾರೆ, ಅಷ್ಟರಲ್ಲಿ ಚೆಂಡು ಮೇಲೆದ್ದಿರುತ್ತದೆ. ಸ್ವಿಚ್ ಮುಂದಕ್ಕೆ ಹೆಜ್ಜೆಯಿಟ್ಟು ಮಾಡುವ ಕೆಲಸ. ಕ್ರಮ ಹೀಗಿರಲಿ:

1. ಎದುರಾಳಿಯ ಸ್ಕ್ರೀನರ್ ಚೆಂಡಿನ ಕಡೆ ಹೊರಟ ಕೂಡಲೇ ಅವನನ್ನು ಕಾಯುತ್ತಿರುವ ಫಾರ್ವರ್ಡ್ ಕೂಗಬೇಕು: ಮೊದಲು ದಿಕ್ಕು, ಆಮೇಲೆ ‘ಸ್ವಿಚ್’. ಸ್ಕ್ರೀನ್ ತಗುಲಿದ ಮೇಲೆ ಕೂಗಿದರೆ ತಡವಾಯಿತು.

2. ಫಾರ್ವರ್ಡ್ ಸ್ಕ್ರೀನರ್‌ನ ಸೊಂಟಕ್ಕೆ ಕೈ ತಾಗುವಷ್ಟು ಹತ್ತಿರ, ಸ್ಕ್ರೀನ್ ಮಟ್ಟಕ್ಕೇ ಬಂದಿರಬೇಕು. ಒಂದು ಮೀಟರ್ ಹಿಂದೆ ನಿಂತರೂ ಶೂಟರ್‌ಗೆ ಅಷ್ಟು ಜಾಗ ಧಾರಾಳ.

3. ಚೆಂಡು ಸ್ಕ್ರೀನರ್‌ನ ಭುಜ ದಾಟುವ ಕ್ಷಣಕ್ಕೆ ಫಾರ್ವರ್ಡ್ ಅಡ್ಡಕ್ಕಲ್ಲ, ಮುಂದಕ್ಕೆ ಹೆಜ್ಜೆ ಹಾಕಬೇಕು. ಒಂದು ಕೈ ಶಾಟ್‌ಗೆ ಮೇಲೆ, ಇನ್ನೊಂದು ಪಾಸ್ ಹಾದಿಯಲ್ಲಿ ಕೆಳಗೆ.

4. ಗಾರ್ಡ್‌ನ ಡಿಫೆಂಡರ್ ಫಾರ್ವರ್ಡ್ ಬಂದು ಸೇರುವ ತನಕ ಚೆಂಡು ಬಿಡಬಾರದು. ಬಿಟ್ಟ ಮೇಲೆ ಸ್ಕ್ರೀನರ್‌ನ ಹಿಂದೆ ಓಡದೆ, ಅವನಿಗೂ ರಿಂಗ್‌ಗೂ ನಡುವೆ ಮೈ ಹಾಕಬೇಕು. ಮೊಣಕೈ ಮಡಚಿದ ತೋಳು ಅವನ ಸೊಂಟಕ್ಕೆ, ಸೊಂಟ ಅವನಿಗಿಂತ ಕೆಳಗೆ.

ಇಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು ಸ್ಲಿಪ್‌ಗೆ ಸಿಕ್ಕಿಕೊಳ್ಳುವುದು. ಸ್ಕ್ರೀನ್ ಹಾಕುವವನು ತಗುಲುವ ಮೊದಲೇ ರಿಂಗ್ ಕಡೆ ತಿರುಗಿ ಓಡುತ್ತಾನೆ, ನಿಮ್ಮವರಿಬ್ಬರೂ ಚೆಂಡಿನ ಬಳಿ ಇರುತ್ತಾರೆ, ಒಂದು ಪಾಸ್‌ಗೆ ಲೇಅಪ್. ಮೂಲ ಕಾರಣ ಫಾರ್ವರ್ಡ್ ಸ್ಕ್ರೀನ್ ಬರುತ್ತದೆಂದು ಊಹಿಸಿ ಮೊದಲೇ ಹೊರಟುಬಿಡುವುದು. ಸೊಂಟಕ್ಕೆ ಕೈ ತಾಗಿರಲಿ ಎಂದದ್ದು ಇದಕ್ಕೇ. ಕೈಗೆ ಮೈ ಸಿಗದಿದ್ದರೆ ಸ್ವಿಚ್ ಇಲ್ಲ, ತನ್ನವನ ಜೊತೆಗೇ ಹೋಗಬೇಕು. ಕೂಗಾಟದಲ್ಲಿ ಗೊಂದಲವಾದರೆ ನಿಯಮ ಸರಳ: ಯಾರು ರಿಂಗ್‌ಗೆ ಹತ್ತಿರ ಇದ್ದಾರೋ ಅವರು ಸ್ಲಿಪ್ ಮಾಡಿದವನನ್ನು ಹಿಡಿಯಬೇಕು.

ಆಮೇಲಿನ ಎರಡು ಸೆಕೆಂಡ್

ಅಭ್ಯಾಸದಲ್ಲಿ ಹೆಚ್ಚಿನ ಕೋಚ್‌ಗಳು ಸ್ವಿಚ್ ಸರಿಯಾದ ಕೂಡಲೇ ಸೀಟಿ ಊದಿ ನಿಲ್ಲಿಸುತ್ತಾರೆ. ನಿಜವಾದ ಪಂದ್ಯ ಶುರುವಾಗುವುದೇ ಅಲ್ಲಿಂದ. ಈಗ ನಿಮ್ಮ ಸಣ್ಣ ಗಾರ್ಡ್ ಒಳಗೆ ದೊಡ್ಡವನ ಮೇಲಿದ್ದಾನೆ, ಫಾರ್ವರ್ಡ್ ಹೊರಗೆ ಗಾರ್ಡ್ ಮೇಲಿದ್ದಾನೆ. ಎದುರಾಳಿ ಬಯಸಿದ್ದೂ ಇದನ್ನೇ.

ಮೊದಲು ಒಳಗಿನ ಸಮಸ್ಯೆ. ಸಣ್ಣವನು ದೊಡ್ಡವನ ಬೆನ್ನ ಹಿಂದೆ ನಿಂತರೆ ಸೋತಂತೆಯೇ. ಅವನು ಮುಂದೆ ಬಂದು, ಚೆಂಡಿಗೂ ದೊಡ್ಡವನಿಗೂ ನಡುವೆ ನಿಲ್ಲಬೇಕು, ಇದೇ ಫ್ರಂಟ್ ಮಾಡುವುದು. ಆಗ ಉಳಿಯುವ ದಾರಿ ತಲೆಯ ಮೇಲಿನಿಂದ ಎಸೆಯುವ ಲಾಬ್ ಒಂದೇ. ಅದಕ್ಕೆ ಎರಡು ಕಾವಲು: ಚೆಂಡು ಹಿಡಿದವನ ಮೇಲೆ ಒತ್ತಡವಿರಬೇಕು, ಆಚೆ ಬದಿಯ ಲೋ ಮ್ಯಾನ್ (ರಿಂಗ್‌ಗೆ ಅತಿ ಹತ್ತಿರದ ಡಿಫೆಂಡರ್) ಪೇಂಟ್‌ನೊಳಗೆ ಒಂದು ಕಾಲಿಟ್ಟು ಲಾಬ್‌ಗೆ ಕಾದಿರಬೇಕು. ಎರಡರಲ್ಲಿ ಒಂದು ಇಲ್ಲವಾದರೂ ಫ್ರಂಟ್ ಮಾಡುವುದು ಆತ್ಮಹತ್ಯೆ.

2025ರ ಮೇ ತಿಂಗಳಲ್ಲಿ ಒಕ್ಲಹೋಮಾ ಸಿಟಿ ಥಂಡರ್ ಇದನ್ನು ಪಾಠದಂತೆ ಆಡಿ ತೋರಿಸಿತು. ಡೆನ್ವರ್ ವಿರುದ್ಧದ ಏಳನೇ ಪಂದ್ಯದಲ್ಲಿ 6 ಅಡಿ 5 ಇಂಚಿನ ಅಲೆಕ್ಸ್ ಕರೂಸೊ ಅವರನ್ನು 6 ಅಡಿ 11 ಇಂಚಿನ ನಿಕೋಲಾ ಯೋಕಿಚ್ ಮೇಲೆ ಹಾಕಿದರು. ಕರೂಸೊ ಮುಂದೆ ನಿಂತು ಚೆಂಡು ತಲುಪದಂತೆ ಕಾದಾಡಿದರು, ಲಾಬ್ ಬಂದರೆ ಹಿಂದೆ ಎತ್ತರದವರು ಸಿದ್ಧರಿದ್ದರು. ಥಂಡರ್ 125-93ರಲ್ಲಿ ಗೆದ್ದಿತು. ಚೆಂಡು ಕೈಗೆ ಬಂದ ಮೇಲೆ ಯೋಕಿಚ್ ಅವರನ್ನು ತಡೆಯುವವರಿಲ್ಲ. ಅದಕ್ಕೇ ಎಲ್ಲ ಶ್ರಮವನ್ನೂ ಚೆಂಡು ಬರುವ ಮೊದಲೇ ಸುರಿದರು.

ಇನ್ನೊಂದು ಉಪಾಯ ಸ್ಕ್ರಾಮ್. ಆಚೆ ಕಡೆಯಿರುವ ದೊಡ್ಡ ಡಿಫೆಂಡರ್ ಓಡಿಬಂದು ಸಣ್ಣವನನ್ನು ಪಕ್ಕಕ್ಕೆ ಸರಿಸಿ ‘ಹೊರಗೆ’ ಎಂದು ಕೂಗುತ್ತಾನೆ, ಸಣ್ಣವನು ಅವನ ಮನುಷ್ಯನ ಕಡೆ ಓಡುತ್ತಾನೆ. ಯಾವಾಗ ಮಾಡಬೇಕೆಂಬುದೇ ಇದರ ಗುಟ್ಟು. ಚೆಂಡು ಗಾಳಿಯಲ್ಲಿರುವಾಗ, ಇಲ್ಲವೇ ಹೊರಗಿನವನು ತಲೆ ತಗ್ಗಿಸಿ ಡ್ರಿಬಲ್ ಮಾಡುತ್ತಿರುವಾಗ ಮಾತ್ರ. ಚೆಂಡು ಹಿಡಿದವನು ತಲೆಯೆತ್ತಿ ಅಂಗಳ ನೋಡುತ್ತಿರುವಾಗ ಮಾಡಿದರೆ ಸಣ್ಣವನು ಓಡುವ ಐದಾರು ಮೀಟರ್‌ಗಿಂತ ಅಡ್ಡ ಪಾಸ್ ಬೇಗ ತಲುಪುತ್ತದೆ, ಕಾರ್ನರ್‌ನಿಂದ ಖಾಲಿ ಮೂರು ಬೀಳುತ್ತದೆ. ಸಣ್ಣವನು ತಾನಾಗಿ ಜಾಗ ಬಿಡಬಾರದು, ಬೆನ್ನ ಮೇಲೆ ಕೈ ಬಿದ್ದ ಮೇಲೆಯೇ ಹೊರಡಬೇಕು.

ಹೊರಗಡೆಯ ಸಮಸ್ಯೆಗೆ ಬೇರೆ ಶಿಸ್ತು. ಫಾರ್ವರ್ಡ್ ಗಾರ್ಡ್‌ನ ಎದುರು ಒಂದು ತೋಳಿನಷ್ಟು ಅಂತರದಲ್ಲಿ, ಹೆಲ್ಪ್ ಇರುವ ಕಡೆಗೇ ಅವನನ್ನು ಕಳಿಸುವ ಹಾಗೆ ನಿಲ್ಲಬೇಕು. ಚೆಂಡಿಗೆ ಕೈ ಚಾಚುವುದು ಬೇಡ. ಹಾಗೆ ಚಾಚಿದರೆ ತೂಕ ಮುಂದಕ್ಕೆ ಬಿದ್ದು ಮೊದಲ ಡ್ರಿಬಲ್‌ಗೇ ದಾಟಿಹೋಗುತ್ತಾನೆ. ಮೂರೂ ಕೊಡಬಾರದು, ಲೇಅಪ್ಪೂ ಕೊಡಬಾರದು. ನಡುವಿನ ದೂರದಿಂದ ಹಿಂದೆ ಸರಿದು, ಮುಖದ ಮುಂದೆ ಉದ್ದ ತೋಳು ಇರುವಾಗ ಹಾಕುವ ಎರಡು ಪಾಯಿಂಟ್ ಶಾಟ್ ಅವನಿಗೇ ಇರಲಿ. ಒಂದೆರಡು ಬಿದ್ದರೂ ಗಾಬರಿಯಾಗಿ ಯೋಜನೆ ಬದಲಿಸಬೇಡಿ. ಒಬ್ಬನೇ ಚೆಂಡು ಕುಟ್ಟುತ್ತ ನಿಂತಾಗ ಉಳಿದ ನಾಲ್ವರು ಕಂಬದಂತೆ ನಿಲ್ಲುತ್ತಾರೆ, 24 ಸೆಕೆಂಡ್‌ನ ಗಡಿಯಾರ ನಿಮ್ಮ ಪರವಾಗಿ ಓಡುತ್ತಿರುತ್ತದೆ.

ಅವನು ದಾಟಿಯೇಬಿಟ್ಟರೆ? ಸೋತ ಡಿಫೆಂಡರ್ ಬೆನ್ನಟ್ಟಿ ಓಡುವುದರಿಂದ ಫೌಲ್ ಬಿಟ್ಟು ಬೇರೇನೂ ಸಿಗದು. ಹತ್ತಿರದ ಹೆಲ್ಪರ್ ಚೆಂಡನ್ನು ಪೂರ್ತಿ ತನ್ನದಾಗಿಸಿಕೊಳ್ಳಬೇಕು, ಸೋತವನು ಅಲ್ಲಿಂದಲೇ ತಿರುಗಿ ಆ ಹೆಲ್ಪರ್‌ನ ಮನುಷ್ಯನ ಕಡೆ ಹೋಗಬೇಕು. ಪೀಲ್ ಸ್ವಿಚ್ ಎನ್ನುವುದು ಇದಕ್ಕೇ. ನಾಲ್ಕನೆಯವನು, ಐದನೆಯವನು ಸರಪಳಿಯಂತೆ ತಿರುಗುವ ಅಗತ್ಯವೇ ಬೀಳುವುದಿಲ್ಲ.

ಇನ್ನು ಉಳಿದ ಮೂವರು. ಒಬ್ಬ ಫ್ರೀ ಥ್ರೋ ಗೆರೆಯ ಮಧ್ಯಬಿಂದುವಿನಲ್ಲಿ ನಿಂತು ಡ್ರೈವ್‌ನ ಹಾದಿ ಕಿರಿದಾಗಿಸಬೇಕು, ಒಬ್ಬ ಲೋ ಮ್ಯಾನ್, ಮತ್ತೊಬ್ಬ ಅತಿ ಒಳ್ಳೆಯ ಶೂಟರ್‌ಗೆ ಅಂಟಿಕೊಂಡಿರಬೇಕು. ಸಣ್ಣವನ ಮೇಲೆ ದೊಡ್ಡವನು ಬಂದದ್ದನ್ನು ಕಂಡು ಇವರು ಬೆದರಿ ಡಬಲ್ ಮಾಡಲು (ಒಬ್ಬನ ಮೇಲೆ ಇಬ್ಬರು ಬೀಳಲು) ಓಡುವುದೇ ದೊಡ್ಡ ಅನಾಹುತ. ಪೋಸ್ಟ್‌ನ ಎರಡು ಪಾಯಿಂಟ್ ಉಳಿಸಲು ಹೋಗಿ ಕಾರ್ನರ್‌ನ ಮೂರು ಕೊಡುತ್ತೀರಿ. ಮೊಜ್ಗೊವ್ ಅವರ 28 ಪಾಯಿಂಟ್ ನೆನಪಿಡಿ ಎಂದದ್ದು ಈ ಜಾಗಕ್ಕಾಗಿ. ಡಬಲ್ ಮಾಡಲೇಬೇಕಾದರೆ ದೊಡ್ಡವನು ಮೊದಲ ಡ್ರಿಬಲ್ ಹಾಕಿ, ಮುಖ ರಿಂಗ್ ಕಡೆ ತಿರುಗಿಸಿದಾಗ ಮಾಡಿ. ಆಗ ಅವನಿಗೆ ಪಾಸ್ ಕಾಣುವುದಿಲ್ಲ.

ಯಾರ ಮೇಲೆ ಹಾಕಬೇಕು

ಒಳ್ಳೆಯ ಡಿಫೆಂಡರ್‌ನನ್ನು ಎದುರಾಳಿಯ ಅತಿ ದೊಡ್ಡ ಸ್ಕೋರರ್ ಮೇಲೆಯೇ ಹಾಕಬೇಕೆಂಬುದು ಹಳೆಯ ಅಭ್ಯಾಸ. ಈಗಿನ ತಂಡಗಳು ಹಲವು ಸಲ ಉಲ್ಟಾ ಮಾಡುತ್ತವೆ. 2021-22ರಲ್ಲಿ ಕೋಚ್ ಎಮೆ ಉಡೋಕಾ ಅವರ ಬಾಸ್ಟನ್ ಸೆಲ್ಟಿಕ್ಸ್ ತನ್ನ ಹಾರುವ ಬಿಗ್ ರಾಬರ್ಟ್ ವಿಲಿಯಮ್ಸ್ ಅವರನ್ನು ಎದುರಾಳಿಯ ದುರ್ಬಲ ಶೂಟರ್ ಮೇಲೆ, ಸಾಮಾನ್ಯವಾಗಿ ಕಾರ್ನರ್‌ನಲ್ಲಿ ನಿಂತವನ ಮೇಲೆ ಹಾಕಿತು. ಎದುರಾಳಿಯ ಸೆಂಟರನ್ನು ಆಲ್ ಹಾರ್ಫರ್ಡ್ ಅಥವಾ ಇನ್ನೊಬ್ಬರು ಹಿಡಿದು ಸ್ವಿಚ್ ಮಾಡುತ್ತಿದ್ದರು. ವಿಲಿಯಮ್ಸ್ ಶೂಟರ್ ಅಲ್ಲದವನನ್ನು ಬಿಟ್ಟು ರಿಂಗ್ ಹತ್ತಿರ ಅಲೆದಾಡಿ ಹಿಂದಿನಿಂದ ಬಂದು ಬ್ಲಾಕ್ ಮಾಡುತ್ತಿದ್ದರು. ಆ ಸೀಸನ್‌ನಲ್ಲಿ ಲೀಗ್‌ನ ಅತ್ಯುತ್ತಮ ಡಿಫೆನ್ಸ್ ಅದೇ, ತಂಡ ಫೈನಲ್ಸ್‌ವರೆಗೆ ಹೋಯಿತು.

ಜಾಣ ಎದುರಾಳಿ ಇದಕ್ಕೆ ಉತ್ತರವಾಗಿ ಆ ಶೂಟರ್ ಅಲ್ಲದವನನ್ನೇ ಕಾರ್ನರ್‌ನಿಂದ ಕರೆದು ಸ್ಕ್ರೀನ್ ಹಾಕಿಸುತ್ತಾನೆ, ಅಲೆದಾಡುವವನು ಅನಿವಾರ್ಯವಾಗಿ ಚೆಂಡಿನ ಬಳಿಗೆ ಬರಬೇಕಾಗುತ್ತದೆ. ಸ್ಕ್ರೀನರ್ ಹೊರಟಾಗಲೇ, ಚೆಂಡು ತಲುಪುವ ಮೊದಲೇ, ಇನ್ನೊಬ್ಬ ಡಿಫೆಂಡರ್ ಅವನನ್ನು ತೆಗೆದುಕೊಂಡು ಫಾರ್ವರ್ಡ್‌ನನ್ನು ಹಿಂದೆಯೇ ಉಳಿಸುವುದು ಇದಕ್ಕೆ ಮದ್ದು. ಈ ಮುಂಚಿತ ಸ್ವಿಚ್ ಬಾಯಿಮಾತಿನಿಂದ ಮಾತ್ರ ಸಾಧ್ಯ.

ಅಂತರರಾಷ್ಟ್ರೀಯ ನಿಯಮದಲ್ಲಿ ಆಡುವವರಿಗೆ

ಎನ್‌ಬಿಎ ವಿಡಿಯೋ ನೋಡಿ ಹಾಗೆಯೇ ನಕಲು ಮಾಡಿದರೆ ಕೆಲವು ಕಡೆ ಎಡವುತ್ತೀರಿ. ಅಲ್ಲಿ ಡಿಫೆಂಡರ್ ಯಾರನ್ನೂ ತೋಳಳತೆಯಲ್ಲಿ ಕಾಯದೆ ಮೂರು ಸೆಕೆಂಡ್ ಪೇಂಟ್‌ನಲ್ಲಿ ನಿಂತರೆ ಎದುರಾಳಿಗೆ ಒಂದು ಫ್ರೀ ಥ್ರೋ ಹಾಗೂ ಚೆಂಡು. ಅದಕ್ಕೇ ಅಲ್ಲಿನ ಲೋ ಮ್ಯಾನ್ ಒಳಗೆ ಹೊರಗೆ ಕಾಲಾಡಿಸುತ್ತಿರುತ್ತಾನೆ. ನಮ್ಮಲ್ಲಿ ಕಾಲೇಜು, ಕ್ಲಬ್, ರಾಜ್ಯ ಮಟ್ಟದಲ್ಲಿ ನಡೆಯುವುದು ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮ, ಡಿಫೆನ್ಸ್‌ಗೆ ಈ ಮಿತಿಯಿಲ್ಲ. ನಿಮ್ಮ ಲೋ ಮ್ಯಾನ್ ಪೇಂಟ್‌ನಲ್ಲೇ ನಿಂತಿರಬಹುದು. ಹಾಗಾಗಿ ಫ್ರಂಟ್ ಮಾಡುವುದು ಇಲ್ಲಿ ಎನ್‌ಬಿಎಗಿಂತ ಸುಲಭ. ಮೂರರ ಗೆರೆ ಎನ್‌ಬಿಎಯಲ್ಲಿ ಮೇಲ್ಭಾಗದಲ್ಲಿ 7.24 ಮೀಟರ್, ಫಿಬಾದಲ್ಲಿ 6.75. ಕ್ಲೋಸ್‌ಔಟ್‌ಗೆ ಓಡುವ ದೂರವೂ ಅಷ್ಟು ಕಡಿಮೆ.

ಅನನುಕೂಲವೂ ಒಂದಿದೆ. ಎನ್‌ಬಿಎಯಲ್ಲಿ ಆಟಗಾರ ಹೊರಹೋಗುವುದು ಆರು ಫೌಲ್‌ಗೆ, ಇಲ್ಲಿ ಐದಕ್ಕೆ. ಒಂದೇ ಫಾರ್ವರ್ಡ್ ಮೇಲೆ ಇಡೀ ಯೋಜನೆ ನಿಂತಿದ್ದರೆ ಅವನು ಮೊದಲರ್ಧದಲ್ಲಿ ಮೂರು ಫೌಲ್ ಮಾಡಿದ ದಿನ ಏನು ಮಾಡುತ್ತೀರೆಂದು ಮೊದಲೇ ತೀರ್ಮಾನಿಸಿ. ನಮ್ಮ ಸಲಹೆ: ಎರಡು ಫೌಲ್ ಆದ ಮೇಲೆ ಅವನನ್ನು ಕಾರ್ನರ್‌ನ ಶೂಟರ್ ಮೇಲೆ ಇಟ್ಟು, ಚೆಂಡಿನ ಸ್ಕ್ರೀನ್‌ಗಳಿಗೆ ಬೇರೆಯವರನ್ನು ಹಾಕಿ.

ಎಲ್ಲಿ ಮುರಿಯುತ್ತದೆ

ಹ್ಯೂಸ್ಟನ್ ರಾಕೆಟ್ಸ್‌ನ ಎರಡು ಸೀಸನ್‌ಗಳನ್ನು ಪಕ್ಕಪಕ್ಕ ಇಟ್ಟರೆ ಈ ಶೈಲಿಯ ಬಲವೂ ಮಿತಿಯೂ ಕಾಣುತ್ತದೆ. 2017-18ರಲ್ಲಿ 6 ಅಡಿ 5 ಇಂಚಿನ ಪಿ.ಜೆ. ಟಕರ್, ಟ್ರೆವರ್ ಅರೀಜಾ ಅವರಂಥವರನ್ನಿಟ್ಟುಕೊಂಡು ತಂಡ ಹೆಚ್ಚುಕಡಿಮೆ ಪ್ರತಿ ಸ್ಕ್ರೀನನ್ನೂ ಸ್ವಿಚ್ ಮಾಡಿ 65 ಪಂದ್ಯ ಗೆದ್ದಿತು. ಎನ್‌ಬಿಎಯ ಪಶ್ಚಿಮ ವಿಭಾಗದ ಫೈನಲ್‌ನಲ್ಲಿ ವಾರಿಯರ್ಸ್ ತಂಡವನ್ನು ನಾಲ್ಕನೇ ಪಂದ್ಯದಲ್ಲಿ 92ಕ್ಕೆ, ಐದನೆಯದರಲ್ಲಿ 94ಕ್ಕೆ ಕಟ್ಟಿಹಾಕಿತು. ಏಳನೇ ಪಂದ್ಯ ಸೋತದ್ದು ಸತತ 27 ಮೂರರ ಶಾಟ್ ತಪ್ಪಿದಾಗ. ಆದರೆ ಆಗ ಹಿಂದೆ ಕ್ಲಿಂಟ್ ಕಪೇಲಾ ಎಂಬ ಎತ್ತರದ ಸೆಂಟರ್ ಇದ್ದರು. 2020ರ ಫೆಬ್ರವರಿಯಲ್ಲಿ ಅವರನ್ನೂ ಬಿಟ್ಟುಕೊಟ್ಟು ಟಕರ್ ಅವರನ್ನೇ ಸೆಂಟರ್ ಮಾಡಿದ ತಂಡ ಲೇಕರ್ಸ್ ಎದುರು 1-4ರಲ್ಲಿ ಹೊರಬಿತ್ತು. ಎತ್ತರವೂ ಚಲನೆಯೂ ಎರಡೂ ಇದ್ದ ಎದುರಾಳಿಯ ಮುಂದೆ ಬರೀ ಚಲನೆ ಸಾಲಲಿಲ್ಲ. ನಿಮ್ಮಲ್ಲಿ ಒಳ್ಳೆಯ ಎತ್ತರದ ಆಟಗಾರ ಇದ್ದರೆ ಫ್ಯಾಷನ್‌ಗಾಗಿ ಅವನನ್ನು ಕೂರಿಸಬೇಡಿ.

ರಿಬೌಂಡ್ (ತಪ್ಪಿ ಪುಟಿದ ಚೆಂಡು ಹಿಡಿಯುವುದು) ಇನ್ನೊಂದು ಗಾಯ. ಸ್ವಿಚ್ ಆದ ಮೇಲೆ ಶಾಟ್ ಎದ್ದರೆ ಸಣ್ಣವನು ಚೆಂಡು ನೋಡಲೇಬಾರದು. ದೊಡ್ಡವನ ತೊಡೆಗೆ ತನ್ನ ಸೊಂಟ ಒತ್ತಿ ಹೊರಕ್ಕೆ ತಳ್ಳುವುದಷ್ಟೇ ಅವನ ಕೆಲಸ. ಚೆಂಡು ಎತ್ತುವುದು ಉಳಿದ ಗಾರ್ಡ್‌ಗಳ ಪಾಲು, ಐವರೂ ಪೇಂಟ್‌ಗೆ ಬರಬೇಕು.

ಮೂರನೆಯದು ನಿಮ್ಮದೇ ಆಫೆನ್ಸ್. ಈ ಫಾರ್ವರ್ಡ್‌ಗೆ ಶಾಟ್ ಇಲ್ಲದಿದ್ದರೆ ಎದುರಾಳಿ ಅವನನ್ನು ಬಿಟ್ಟು ಪೇಂಟ್ ತುಂಬಿಸುತ್ತಾನೆ. ಅವನನ್ನು ಕಾರ್ನರ್‌ನಲ್ಲಿ ನಿಲ್ಲಿಸಬೇಡಿ, ಅತಿ ಒಳ್ಳೆಯ ಶೂಟರ್‌ಗೆ ಅವನಿಂದಲೇ ಸ್ಕ್ರೀನ್ ಹಾಕಿಸಿ. ಕರಿ ಅವರನ್ನು ಇಬ್ಬರು ಮುತ್ತಿದಾಗ ಗ್ರೀನ್ ಫ್ರೀ ಥ್ರೋ ಗೆರೆಯ ಬಳಿ ಚೆಂಡು ಪಡೆದು, ಮೂವರ ಎದುರು ನಾಲ್ವರನ್ನು ಆಡಿಸಿದ್ದೇ ವಾರಿಯರ್ಸ್‌ನ ಅರ್ಧ ಆಫೆನ್ಸ್.

ವಾರದ ಅಭ್ಯಾಸ

ವಾರಕ್ಕೆ ಮೂರು ದಿನ, ದಿನಕ್ಕೆ 35 ನಿಮಿಷ ಸಾಕು. ಮೊದಲ 8 ನಿಮಿಷ ಇಬ್ಬರ ಮೇಲೆ ಇಬ್ಬರು: ಪ್ರತಿ ಮೂರು ಸ್ಕ್ರೀನ್‌ಗೆ ಒಂದು ಸ್ಲಿಪ್, ಯಾವುದು ಎಂದು ಡಿಫೆನ್ಸ್‌ಗೆ ಗೊತ್ತಿರಬಾರದು. ಮುಂದಿನ 12 ನಿಮಿಷ ಮೂವರ ಮೇಲೆ ಮೂವರು: ಸ್ವಿಚ್ ಆಗಿಬಿಟ್ಟ ಸ್ಥಿತಿಯಿಂದಲೇ ಆಟ ಶುರು, ಸಣ್ಣವನು ಪೋಸ್ಟ್‌ನಲ್ಲಿ, ಗಡಿಯಾರದಲ್ಲಿ 10 ಸೆಕೆಂಡ್. ಸ್ಕ್ರಾಮ್ ಮಾಡಬೇಕೋ ಫ್ರಂಟ್ ಮಾಡಬೇಕೋ ಅವರೇ ನಿರ್ಧರಿಸಲಿ. ಕೊನೆಯ 15 ನಿಮಿಷ ಪೂರ್ತಿ ಐವರು. ಇಲ್ಲಿ ಸ್ಕೋರ್ ಬೇರೆ ರೀತಿ ಬರೆಯಿರಿ: ಪೋಸ್ಟ್‌ನಲ್ಲಿ ಸಣ್ಣವನ ಮೇಲೆ ಬಿದ್ದ ಬಾಸ್ಕೆಟ್‌ಗೆ ಡಿಫೆನ್ಸ್ ಒಂದು ಪಾಯಿಂಟ್ ಕಳೆದುಕೊಳ್ಳಲಿ, ಕಾರ್ನರ್‌ನ ಖಾಲಿ ಮೂರಕ್ಕೆ ಮೂರು, ಬಿದ್ದರೂ ಬೀಳದಿದ್ದರೂ. ಕೂಗದೆ ಮಾಡಿದ ಸ್ವಿಚ್ ಎಷ್ಟೇ ಚೆನ್ನಾಗಿದ್ದರೂ ಚೆಂಡು ಎದುರಿನವರಿಗೆ.

ಪಂದ್ಯದ ಹಿಂದಿನ ದಿನ ಒಂದು ಹಾಳೆಯಲ್ಲಿ ಎದುರಾಳಿಯ ಐವರ ಹೆಸರು ಬರೆದು ಪ್ರತಿಯೊಬ್ಬನ ಮುಂದೆ ಎರಡು ಗುರುತು ಹಾಕಿ: ಕಾರ್ನರ್‌ನಿಂದ ಶೂಟ್ ಮಾಡುತ್ತಾನೆಯೇ, ಪೋಸ್ಟ್‌ನಲ್ಲಿ ಬೆನ್ನು ಕೊಟ್ಟು ಆಡುತ್ತಾನೆಯೇ. ಎರಡಕ್ಕೂ ‘ಇಲ್ಲ’ ಎಂದಿರುವವನ ಹೆಸರಿನ ಎದುರು ನಿಮ್ಮ ಫಾರ್ವರ್ಡ್ ಹೆಸರು ಬರೆಯಿರಿ, ಆ ಹಾಳೆಯನ್ನು ಅವನ ಕೈಗೇ ಕೊಟ್ಟು ಉಳಿದ ನಾಲ್ವರ ಜಾಗವನ್ನು ಅವನಿಂದಲೇ ಹೇಳಿಸಿ.